1:16ರ ಡೆಲೋರಿಯನ್: ಬಾಗಿಲು ನಿಲ್ಲಂಗಿಲ್ಲ, ಪಕ್ಕದ ಪ್ಲೇಟ್ ಕೂಡಂಗಿಲ್ಲ

ನವನಗರ_88, ಬಾಗಲಕೋಟೆ

ಬ್ಯಾಕ್ ಟು ದ ಫ್ಯೂಚರ್ (1985) ಚಿತ್ರದ ಡೆಲೋರಿಯನ್ ಕಾರನ್ನ ಲೆಗೊ ತುಂಡಿನಿಂದ ಸ್ವಂತ ಡಿಸೈನ್ ಮಾಡಿ ಕಟ್ಟಾಕತ್ತೀನ್ರಿ. ಲೆಗೊ ಕಂಪನಿಯ 2022ರ 10300 ನಂಬರ್ ಸೆಟ್ (1872 ತುಂಡು) ಹೆಚ್ಚುಕಡಿಮಿ 1:12 ಆಗತೈತಿ, ನನಗ 1:16 (ಅಸಲಿ ಕಾರಿನ ಹದಿನಾರನೇ ಒಂದು ಪಾಲು) ಬೇಕು. ಮ್ಯಾಲೆ ಎತ್ತಿದ ಬಾಗಿಲು ತಾನ ಕೆಳಗ ಇಳಿತೈತಿ. ಪಕ್ಕಕ್ಕ ಸ್ಟಡ್ (ಗುಂಡನ್ನ ಉಬ್ಬು) ಇರೋ 1×1 ಬ್ರಿಕ್ (ತುಂಡಿನ ನಂಬರ್ 87087) ಒಂದರ ಮ್ಯಾಲೊಂದು ಇಟ್ಟರ ಎರಡಕ್ಕೂ ಸೇರಿಸಿ ಪ್ಲೇಟ್ (ತೆಳ್ಳನ್ನ ತುಂಡು) ಹಾಕಾಕ ಬರವಲ್ದು. ಚಾಸಿ ಬಾಗಿಲ ಕೆಳಗ ಜೋತು ಬೀಳತೈತಿ. ಗಾಲಿ ಯಾವು ಅನ್ನೋದೂ ಇನ್ನೂ ಗಟ್ಟಿ ಆಗಿಲ್ಲ. ತಿಳದವ್ರು ಹೇಳ್ರಿ.

ಉದ್ಯಮಬಾಗ್_ಫಿಟ್ಟರ್, ಬೆಳಗಾವಿ

ಮೊದಲು ಗಾಲಿ ಗಟ್ಟಿ ಮಾಡ್ರಿ. ಬಾಡಿ ಬೇಕಾದ ಅಳತಿಗೆ ಕಟ್ಟಬಹುದು, ಟೈರ್ ಮಾತ್ರ ಕಂಪನಿ ಕೊಟ್ಟ ಅಳತಿನಾಗ ಸಿಗತಾವ. ಅಸಲಿ ಕಾರಿಗೆ ಮುಂದ 195/60 R14, ಹಿಂದ 235/60 R15. ವ್ಯಾಸ ಸುಮಾರು 590 ಮತ್ತ 663 ಮಿ.ಮೀ. 16ರಿಂದ ಭಾಗಿಸಿದ್ರ 37 ಮತ್ತ 41.4. ಮುಂದ 37×18 ಟೈರ್ ಸರಿಯಾಗಿ ಕೂಡತೈತಿ, ಹಿಂದ 43.2×22 ಸ್ವಲ್ಪ ದೊಡ್ಡದು, ನಡಿತೈತಿ. ನಾಲ್ಕೂ ಒಂದ ಅಳತಿ ಹಾಕಬ್ಯಾಡ್ರಿ, ಹಿಂದ ಎತ್ತರ ಇದ್ರನ ಅದು ಡೆಲೋರಿಯನ್ ಕಾಣತೈತಿ.

ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2413 ಮಿ.ಮೀ., 16ರಿಂದ ಭಾಗಿಸಿದ್ರ 151; ಒಂದು ಸ್ಟಡ್‌ಗೆ 8 ಮಿ.ಮೀ. ಹಿಡಿದ್ರ 19 ಸ್ಟಡ್. ಉದ್ದ 33. ಅಗಲ ಲೆಕ್ಕಕ್ಕ ಹದಿನೈದೂವರಿ ಬರತೈತಿ, ನೀವು 16 ತಗೋರಿ. 15 ಮಾಡಿದ್ರ ಎರಡು ಬಾಗಿಲ ನಡುವಿನ 4 ಸ್ಟಡ್‌ನ ಛಾವಣಿ ಪಟ್ಟಿ ನಡುವ ಕೂಡಂಗಿಲ್ಲ. ಎತ್ತರ ನೆಲದಿಂದ 22 ಪ್ಲೇಟ್.

ಪಕ್ಕದ ಪ್ಲೇಟ್ ಯಾಕ ಕೂಡಂಗಿಲ್ಲ ಅಂದ್ರ, ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ., ಆದ್ರ ಬ್ರಿಕ್ ಎತ್ತರ 9.6. ಎರಡು ಬ್ರಿಕ್ ನಡುವ ಎರಡು ಪ್ಲೇಟ್ (3.2 + 3.2) ಇಡ್ರಿ. 9.6 + 6.4 = 16, ಸರಿಯಾಗಿ ಎರಡು ಸ್ಟಡ್ ಆತು. ಒತ್ತಿ ಕೂಡಿಸಾಕ ಹೋಗಬ್ಯಾಡ್ರಿ, ಇವತ್ತು ಕೂಡಿದಂಗ ಕಂಡ್ರೂ ಒಳಗ ಬಿಗಿ ಉಳಿದು ಮುಂದ ಪ್ಲೇಟ್ ಬಾಗತೈತಿ. ಅರ್ಧ ಪ್ಲೇಟ್ ಸರಿಸೋದಿದ್ರ ಬ್ರಾಕೆಟ್ (ಎಲ್ ಆಕಾರದ ತುಂಡು) ಹಾಕ್ರಿ, ಅದರ ಗೋಡಿ 1.6 ಮಿ.ಮೀ. ಇರತೈತಿ.

ಚಾಸಿಗೆ ಟೆಕ್ನಿಕ್ ಬ್ರಿಕ್ (ಪಕ್ಕಕ್ಕ ತೂತಿರೋ ಬ್ರಿಕ್) 1×16 (3703) ಎರಡು, 1×8 ನಾಲ್ಕು ಬೇಕು. ಪ್ರತಿ ಬದಿಗೆ 8 + 16 + 8. ಎರಡು 16 ಜೋಡಿಸಿದ್ರ ಕೂಡು (ಎರಡು ಬ್ರಿಕ್ ಸೇರೋ ಜಾಗ) ಬರೋಬ್ಬರಿ ಬಾಗಿಲ ಕೆಳಗ ಬಂದು ಅಲ್ಲೇ ಜೋಲತೈತಿ. 8-16-8 ಇಟ್ಟರ ಕೂಡು ಗಾಲಿಯ ಅಚ್ಚಿನ ಹತ್ರ ಹೋಗತಾವ. ಪ್ರತಿ ಕೂಡಿನ ಮ್ಯಾಲೂ ಕೆಳಗೂ ಎರಡೂ ಕಡೆ 4 ಸ್ಟಡ್ ಹಿಡಿಯೋ ಪ್ಲೇಟ್ ಬೀಳಬೇಕು. ಈ ಸಾಲು ಅಂಚಿನಿಂದ ನಾಲ್ಕನೇ ಸ್ಟಡ್‌ನಾಗ ಇರ್ಲಿ, ಹಿಂದಿನ ಟೈರಿಗೆ ಮೂರು ಸ್ಟಡ್ ಜಾಗ ಬೇಕು.

ಗುಮ್ಮಟನಗರಿ_ಬ್ರಿಕ್ಸ್, ವಿಜಯಪುರ

ಬಾಗಿಲಿನ ಬಗ್ಗೆ. ಅಸಲಿ ಕಾರಿನಲ್ಲಿ ಬಾಗಿಲಿನ ಭಾರ ಹೊರುವುದು ಛಾವಣಿಯೊಳಗಿನ ಟಾರ್ಷನ್ ಬಾರ್ (ತಿರುಚಿದಾಗ ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು). ನಮ್ಮ ಮಾದರಿಯಲ್ಲಿ ಅದು ಇಲ್ಲ, ಕೀಲಿನ ಬಿಗಿತವೇ ಆಧಾರ. ನೀವು ಬಹುಶಃ ಕ್ಲಿಪ್ ಮತ್ತು ಕಡ್ಡಿ ಬಳಸಿದ್ದೀರಿ. ಅದು ಬರೀ ಘರ್ಷಣೆಯಿಂದ ನಿಲ್ಲುತ್ತದೆ, ತೆರೆದು ಮುಚ್ಚಿದಷ್ಟೂ ಸಡಿಲವಾಗುತ್ತದೆ. ಕ್ಲಿಕ್ ಹಿಂಜ್ ಹಾಕಿ. ಅದು 22.5 ಡಿಗ್ರಿಗೊಮ್ಮೆ ಕಚ್ಚಿ ನಿಲ್ಲುತ್ತದೆ. ಬಾಗಿಲಿಗೆ ಎರಡು, ಒಂದೊಂದು ತುದಿಗೆ ಒಂದು. ಮೂರು ಕ್ಲಿಕ್, ಅಂದರೆ 67.5 ಡಿಗ್ರಿ ಸಾಕು.

ಕೀಲಿನ ಅಕ್ಷಕ್ಕಿಂತ ಮೇಲೆ, ಛಾವಣಿ ಪಟ್ಟಿಗೆ ತಾಗಿಕೊಂಡು ಬಾಗಿಲಿನ ಟೈಲ್ (ಸ್ಟಡ್ ಇಲ್ಲದ ನುಣುಪು ತುಂಡು) ಇದ್ದರೆ ಎತ್ತುವಾಗ ಅದು ಪಟ್ಟಿಗೆ ಹೊಡೆಯುತ್ತದೆ. ಆ ಅಂಚಿನ ಸಾಲನ್ನು ತೆಗೆದುಬಿಡಿ, ಅಲ್ಲಿ ಸಂದು ಕಂಡರೂ ಪರವಾಗಿಲ್ಲ. ಬಾಗಿಲಲ್ಲಿ ಬ್ರಿಕ್ ಬೇಡವೇ ಬೇಡ, ಪ್ಲೇಟ್ ಮತ್ತು ಟೈಲ್ ಮಾತ್ರ.

ಬಣ್ಣವನ್ನೂ ಈಗಲೇ ನೋಡಿಕೊಳ್ಳಿ. 2004ರ ಸುಮಾರಿಗೆ ತಿಳಿಬೂದು ಬಣ್ಣವೇ ಬದಲಾಯಿತು. ಹಳೆಯ ತುಂಡುಗಳಲ್ಲಿ ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಸ್ಟೇನ್‌ಲೆಸ್ ಸ್ಟೀಲ್ ಕಾರಿಗೆ ಹೊಸದೇ ಒಪ್ಪುತ್ತದೆ. ಹಳೆಯವನ್ನು ಚಾಸಿಯೊಳಗೆ ಮುಚ್ಚಿಹೋಗುವ ಕಡೆ ಹಾಕಿ.

ನವನಗರ_88, ಬಾಗಲಕೋಟೆ

8-16-8 ಲೆಕ್ಕ ಭಾಳ ಉಪಯೋಗ ಆತ್ರಿ. ಫ್ಲಕ್ಸ್ ಕೆಪ್ಯಾಸಿಟರ್‌ಗೆ (ಚಿತ್ರದಾಗ ಕಾರಿಗೆ ಕಾಲಯಾನ ಮಾಡಿಸೋ ಯಂತ್ರ) ದೀಪ ಹಾಕೋದಾದ್ರ ವಾಯರ್ ಎಲ್ಲಿಂದ ತರಬೇಕು? ಸಾದಾ ವಾಯರ್ ಬ್ರಿಕ್ ನಡುವ ಹೋಗಂಗಿಲ್ಲ.

ಉದ್ಯಮಬಾಗ್_ಫಿಟ್ಟರ್, ಬೆಳಗಾವಿ

ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋ ಅಂಗಡಿಗೆ ಹೋಗ್ರಿ, 36 ಗೇಜ್ ತಂತಿ ಕೇಳ್ರಿ. ದಪ್ಪ 0.19 ಮಿ.ಮೀ. ಸ್ಟಡ್ ಮ್ಯಾಲೆ ಹಾಯಿಸಬ್ಯಾಡ್ರಿ, ಸ್ಟಡ್ ನಡುವಿನ ಸಂದಿನಾಗ ಮಲಗಿಸ್ರಿ. 3 ಮಿ.ಮೀ. ಬಿಳಿ ಎಲ್‌ಇಡಿ ಟೊಳ್ಳು ಸ್ಟಡ್‌ನ ತೂತಿನಾಗ ಕೂಡತೈತಿ, 5 ಮಿ.ಮೀ. ಕೂಡಂಗಿಲ್ಲ. ಕೆಪ್ಯಾಸಿಟರ್‌ನ ವೈ ಆಕಾರದ ಮೂರು ಕವಲು ಸೇರೋ ನಡುವ ಒಂದ ಎಲ್‌ಇಡಿ ಸಾಕು, ಮುಂದ ಪಾರದರ್ಶಕ ಟೈಲ್ ಇಟ್ಟರ ಬೆಳಕು ಹರಡತೈತಿ. 3 ವೋಲ್ಟಿನ ಸಿಆರ್2032 ಸೆಲ್ ಹಚ್ಚ್ರಿ, ಹತ್ತಲಿಲ್ಲಂದ್ರ ಎಲ್‌ಇಡಿ ಕಾಲು ತಿರುವಿ ನೋಡ್ರಿ. ತಂತಿ ಮ್ಯಾಲೆ ಎನಾಮೆಲ್ ಇರತೈತಿ, ತುದಿ ಪಾಲಿಶ್ ಪೇಪರಿನಿಂದ ತಿಕ್ಕಿ ತಾಮ್ರ ಕಾಣೋ ತನಕ ಕೆರೀಲಿಲ್ಲಂದ್ರ ಕರೆಂಟ್ ಹರಿಯಂಗಿಲ್ಲ.

ಡ್ಯಾಶ್‌ಬೋರ್ಡ್‌ನಾಗ ತಾರೀಖು ತೋರಿಸೋ ಮೂರು ಸಾಲಿಗೆ ಮ್ಯಾಲಿಂದ ಕೆಂಪು, ಹಸಿರು, ಹಳದಿ ಟೈಲ್. ಈ ಕ್ರಮ ತಪ್ಪಿದ್ರ ಚಿತ್ರ ನೋಡಿದವ್ರು ತಕ್ಷಣ ಹಿಡಿತಾರ್ರಿ.