ಅಪ್‌ಡೇಟ್: ಕಾಲು ಇಳಿಸದೆ ಆಗುಂಬೆ ಘಾಟಿ ಹತ್ತಿದೆ

ಶಿವಮೊಗ್ಗದಲ್ಲಿ ಮಳೆ ಹಿಡಿದರೆ ಸೈಕಲ್ ಹೊರಗೆ ತೆಗೆಯುವುದೇ ಕಷ್ಟ, ಘಾಟಿ ಹತ್ತಲು ಜಿಮ್‌ನಲ್ಲಿ ಯಾವ ಮೆಷಿನ್ ಒಳ್ಳೆಯದು ಅಂತ ಜೂನ್‌ನಲ್ಲಿ ಕೇಳಿದ್ದೆ. ನನಗೆ ಟ್ರೆಡ್‌ಮಿಲ್ ಮೇಲೆ ಮನಸ್ಸಿತ್ತು. ನೀವೆಲ್ಲ ಸ್ಪಿನ್ ಬೈಕ್ (ನಿಂತಲ್ಲೇ ತುಳಿಯುವ ಜಿಮ್ ಸೈಕಲ್) ಅಂದಿರಿ. ನಿಮ್ಮ ಮಾತೇ ಸರಿಯಾಯಿತು.

ವಾರಕ್ಕೆ 2 ದಿನ ಸ್ಪಿನ್ ಬೈಕ್. ಸೀಟನ್ನು ನನ್ನ ಸೈಕಲ್ಲಿನಷ್ಟೇ ಎತ್ತರಕ್ಕೆ ಇಟ್ಟುಕೊಂಡೆ. ರೆಸಿಸ್ಟೆನ್ಸ್ (ಪೆಡಲ್‌ನ ಬಿಗಿ) ಜಾಸ್ತಿ ಮಾಡಿ, ನಿಮಿಷಕ್ಕೆ 60-70 ಸುತ್ತಿನಂತೆ 8 ನಿಮಿಷ ಕೂತೇ ತುಳಿಯುವುದು, ಆಮೇಲೆ 4 ನಿಮಿಷ ಹಗುರ. ಹೀಗೆ 4 ಸಲ. ಮೊದಲ ವಾರ ಮೂರನೇ ಸಲಕ್ಕೇ ತೊಡೆ ಉರಿಯುತ್ತಿತ್ತು. ಇನ್ನೊಂದು ದಿನ ಮೆಟ್ಟಿಲು ಹತ್ತುವ ಮೆಷಿನ್, 20 ನಿಮಿಷ. ಅದರಲ್ಲಿ ಹ್ಯಾಂಡಲ್ ಮೇಲೆ ಭಾರ ಹಾಕಬೇಡಿ. ಭಾರ ಕೈಗೆ ಹೋದರೆ ಕಾಲಿಗೆ ಕೆಲಸ ಕಡಿಮೆಯಾಗುತ್ತದೆ ಅಲ್ವಾ? ನಿಂತು ಕೈಕಾಲು ಆಡಿಸುವ ಎಲಿಪ್ಟಿಕಲ್ ಮೆಷಿನ್ ಬಿಟ್ಟೆ.

ದಸರಾ ರಜೆಯಲ್ಲಿ ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಹೊರಟೆ. 14 ಹೇರ್‌ಪಿನ್ ತಿರುವು. ಹೋದ ವರ್ಷ ಆರನೆಯದರಲ್ಲೇ ಇಳಿದು ತಳ್ಳಿದ್ದೆ. ಈ ಸಲ ಒಮ್ಮೆಯೂ ಕಾಲು ನೆಲಕ್ಕೆ ತಾಗಲಿಲ್ಲ! ಮೇಲೆ ಬಂದಾಗ ಕಣ್ಣು ತುಂಬಿತು.

ಒಂದು ಮಾತ್ರ ಜಿಮ್‌ನಲ್ಲಿ ಸಿಗಲಿಲ್ಲ. ಎದ್ದು ನಿಂತು ತುಳಿಯುವಾಗ ಸೈಕಲ್ ಎಡಕ್ಕೆ, ಬಲಕ್ಕೆ ವಾಲುತ್ತದೆ. ಆ ಹದ ರಸ್ತೆಯಲ್ಲೇ ಬರಬೇಕು. ಈಗ ಅದನ್ನೇ ಕಲಿಯುತ್ತಿದ್ದೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.