ಅಪ್‌ಡೇಟ್: ಗಾಳದ ಕೋಲಿನ ಹಿಡಿಗೆ ಹಲಸೇ ಸರಿ ಹೋಯ್ತು

ಬೀಟೆ ಮರದ ಹಿಡಿಯಲ್ಲಿ ಮೀನಿನ ಚಿತ್ರ ಕೆತ್ತಿ ಕೂರಿಸಲು ಹಿತ್ತಾಳೆ, ಕಪ್ಪೆಚಿಪ್ಪು, ಹಲಸಿನ ಮರ, ಇವುಗಳಲ್ಲಿ ಯಾವುದು ಒಳ್ಳೇದು ಅಂತ ಕೇಳಿದ್ದೆನಲ್ಲ, ಮೂರನ್ನೂ ತುಂಡು ಮರದಲ್ಲಿ ಕೂರಿಸಿ ನೋಡಿದೆ. ಹಿತ್ತಾಳೆ ಬೇಡ ಅನ್ನಿಸಿತು. ನೆನೆದರೆ ಮರ ಹಿಗ್ಗುತ್ತದೆ, ಲೋಹ ಹಿಗ್ಗುವುದಿಲ್ಲ. ಎರಡು ರಾತ್ರಿ ನೀರಲ್ಲಿಟ್ಟ ತುಂಡಿನಲ್ಲಿ ಅಂಚು ಬಿಟ್ಟುಕೊಂಡು ಉಗುರಿಗೆ ತಾಕುತ್ತಿತ್ತು. ಕಪ್ಪೆಚಿಪ್ಪು ತುಂಬಾ ಚೆನ್ನಾಗಿ ಹೊಳೆಯುತ್ತದೆ, ಆದರೆ ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ನೀರು ಹಚ್ಚಿಯೇ ಉಜ್ಜಿ. ಅದನ್ನು ಮೀನಿನ ಕಣ್ಣಿಗಷ್ಟೇ ಬಳಸಿದೆ.

ಮೀನಿನ ಉಳಿದ ಭಾಗವೆಲ್ಲ ಹಲಸಿನದು. ಮೈಸೂರಿನ ಇನ್‌ಲೇ ಕೆಲಸದಲ್ಲೂ ಬೀಟೆಯ ಮೇಲೆ ಬಣ್ಣಬಣ್ಣದ ಮರ ಹೀಗೇ ಕೂರಿಸುತ್ತಾರೆ, ಅಲ್ವಾ? 2 ಮಿಲಿಮೀಟರ್ ಆಳ ಕೆತ್ತಿ, ಎಪಾಕ್ಸಿ ಅಂಟು ಹಚ್ಚಿ, ಒಂದು ದಿನ ಬಿಗಿದಿಟ್ಟೆ. ಎಣ್ಣೆ ಸವರಿದ ಕೂಡಲೇ ಕಪ್ಪಿನ ನಡುವೆ ಅರಿಶಿನ ಬಣ್ಣದ ಮೀನು ಎದ್ದು ಬಂತು. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.