'ವಿಸ್ಪರ್ ಆಫ್ ದಿ ಹಾರ್ಟ್' ನೋಡಿದ್ವಿ, ಶಿಜುಕು ಅಪ್ಪ ಮಾಡಿದ್ದು ಬರೋಬ್ಬರಿ ಅದ ಅಂತೀರೇನು?

ತೊಗರಿ ಕಣಜ, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಒಂದು ಪಿಕ್ಚರ್ ಸಲುವಾಗಿ ನಮ್ಮ ಗೆಳತ್ಯಾರ ನಡು ದೊಡ್ಡ ವಾದ ಆಗ್ಯದ, ಇನ್ನಾ ಮುಗಿದಿಲ್ಲ, ಅದಕ್ಕ ಇಲ್ಲಿ ಕೇಳ್ಲಾಕತ್ತೀನಿ.

ಪಿಕ್ಚರ್ ಹೆಸರು 'ವಿಸ್ಪರ್ ಆಫ್ ದಿ ಹಾರ್ಟ್', ಜಪಾನಿನ ಘಿಬ್ಲಿ ಸ್ಟುಡಿಯೋದ ಆ್ಯನಿಮೇಷನ್ ಪಿಕ್ಚರ್, 1995ರದ್ದು. ಘಿಬ್ಲಿ ಅಂದ ಕೂಡ್ಲೇ ಎಲ್ಲಾರೂ ಅಲ್ಲಿಯ ದೊಡ್ಡ ಡೈರೆಕ್ಟರ್ ಮಿಯಾಝಾಕಿ ಹೆಸರು ಹೇಳ್ತಾರ, ಇದರಾಗ ಅವ್ರದು ಸ್ಕ್ರೀನ್‌ಪ್ಲೇ, ಡೈರೆಕ್ಷನ್ ಮಾತ್ರ ಯೋಶಿಫುಮಿ ಕೊಂಡೊ ಅವ್ರದ್ದು. ನೋಡಿಲ್ದವ್ರ ಸಲುವಾಗಿ ಜರಾ ಕಥಿ ಹೇಳ್ತೀನಿ. ಟೋಕಿಯೋ ಪಶ್ಚಿಮದ ಕಡೆ ತಾಮಾ ಅನ್ನೋ ಗುಡ್ಡದ ಏರಿಯಾ, ಅಲ್ಲೊಂದು ಸಣ್ಣ ಫ್ಲ್ಯಾಟು, ಶಿಜುಕು ಅಂತ ಹುಡುಗಿ, ವಯಸ್ಸು ಹದಿನಾಲ್ಕು, ಹೈಸ್ಕೂಲ್ ಸೀಟಿನ ಸಲುವಾಗಿ ಪರೀಕ್ಷಾ ಬರಿಯೋ ವರ್ಷ. ಆಕಿ ಅಪ್ಪ ಲೈಬ್ರರಿಯಾಗ ಕೆಲಸ ಮಾಡ್ತಾನ, ಅವ್ವ ಆ ವಯಸ್ಸಿನಾಗ ಮತ್ತ ಯೂನಿವರ್ಸಿಟಿಗಿ ಹೋಗಿ ಓದ್ಲಾಕತ್ತಾಳ, ಅಕ್ಕ ಮನಿ ಕೆಲಸ ಎಲ್ಲಾ ನೋಡ್ಕೋತಾಳ. ಶಿಜುಕು ಲೈಬ್ರರಿ ಪುಸ್ತಕ ತಂದು ತಂದು ಓದ್ತಾಳ, ಪ್ರತಿ ಪುಸ್ತಕದ ಕಾರ್ಡಿನ್ಯಾಗ ತನಗಿಂತ ಮೊದ್ಲೇ ಒಬ್ಬಾವನ ಹೆಸರು, ಸೇಜಿ ಅಮಾಸಾವಾ. ಆಮ್ಯಾಲ ಅವ ಸಿಗ್ತಾನ, ಅವನಿಗಿ ವಯೊಲಿನ್ ತಯಾರ್ ಮಾಡೋನು ಆಗ್ಬೇಕು ಅಂತ ಹುಚ್ಚು, ಇಟಲಿಯ ಕ್ರೆಮೋನಾಕ ಎರಡು ತಿಂಗಳು ಕಲೀಲಾಕ ಹೋಗ್ತಾನ. ಆಗ ಈಕಿಗಿ ಅನಸ್ತದ, ಅವನಿಗಿ ಒಂದು ದಾರಿ ಅದ, ನನ್ನದೇನು ಅಂತ. ಹಳೆ ಸಾಮಾನಿನ ಅಂಗಡಿಯಾಗಿನ ಬ್ಯಾರನ್ ಅನ್ನೋ ಬೆಕ್ಕಿನ ಗೊಂಬಿ ಮ್ಯಾಲ ಕಥಿ ಬರೀಲಾಕ ಕೂಡ್ತಾಳ, ರಾತ್ರಿ ಪೂರಾ ಎಚ್ಚರ, ಪರೀಕ್ಷಾದಾಗ ರ‍್ಯಾಂಕ್ ನೂರು ಕೆಳಗ ಹೋಗ್ತದ, ಅಕ್ಕ ಬೈದು ಮನಿ ತುಂಬ ಗದ್ಲ ಮಾಡ್ತಾಳ.

ಆವಾಗ ಅಪ್ಪ ಬಂದು ಕೇಳ್ತಾನ, ಅದು ಈಗೇ ಮಾಡ್ಬೇಕೇನು ಅಂತ. ಹೌದು, ಮೂರು ವಾರದಾಗ ಮುಗೀಬೇಕು, ಏನಂತ ಈಗ ಹೇಳಂಗಿಲ್ಲ ಅಂತಾಳ ಈಕಿ. ಅವ ಅವ್ವನ ಮುಖ ನೋಡಿ, ಮಾಡ್ಲಿ ಬಿಡು ಅಂತಾನ, ಎಲ್ಲಾರಗತೆ ಬದುಕ್ಲಿಲ್ಲಂದ್ರ ಕಷ್ಟ ಬರ್ತದ, ಏನೇ ಆದ್ರೂ ಯಾರ ಮ್ಯಾಲೂ ಹಾಕ್ಲಾಕ ಬರಂಗಿಲ್ಲ ಅಂತ ಒಂದು ಮಾತೂ ಹೇಳ್ತಾನ.

ನಮ್ಮ ವಾದ ಸುರು ಆಗಿದ್ದು ಇಲ್ಲೇ. ನಮ್ಮ ಗೆಳತಿ ಒಬ್ಬಾಕಿ ಬ್ಯಾಂಕಿನ್ಯಾಗ ಇದ್ದಾಳ, ಆಕಿ ಸಿಟ್ಟಿಗೆದ್ದು ಪಿಕ್ಚರ್ ನಡುವೇ ನಿಲ್ಲಿಸಿದ್ಳು, ಇವನೆಂಥ ಅಪ್ಪ, ಏನ್ ಮಾಡ್ಲಾಕತ್ತಾಳ ಅಂತ ಗೊತ್ತಿಲ್ದೇ ಪರ್ಮಿಷನ್ ಕೊಟ್ಟಾನ ಅಂದ್ಳು. ಇನ್ನೊಬ್ಬಾಕಿ ಅಳ್ಲಾಕತ್ತಿದ್ಳು, ಆಕಿಗಿ ಡ್ಯಾನ್ಸ್ ಕಲೀಬೇಕಂತ ಭಾಳ ಇತ್ತು ಸಣ್ಣಾಕಿದ್ದಾಗ, ಹತ್ತನೇತ್ತೆ ಬಂತು ಅಂತ ಬಿಡಿಸಿಬಿಟ್ರು, ಆಮ್ಯಾಲ ಸುರು ಮಾಡ್ಲೇ ಇಲ್ಲ. ನಮ್ಮವ್ವನೂ ಕೂತಿದ್ಳು, ಆಕಿಗಿ ಸಬ್‌ಟೈಟಲ್ ಓದ್ಲಾಕ ಬರಂಗಿಲ್ಲ, ನಾನೇ ನಮ್ಮ ಭಾಷಾದಾಗ ಹೇಳ್ಕೋತ ಹೊಂಟಿದ್ದೆ. ಊಟದ ಹೊತ್ತಿಗಿ ಮಾತ್ರ ಎಲ್ಲಾರ ಕೂಡ ಬಂದು ಕೂಡ್ಬೇಕು ಅಂತ ಹೇಳ್ತಾಳಲ್ಲ ಆ ಅವ್ವ, ಅದು ಕೇಳಿ ನಮ್ಮವ್ವ 'ಈಕಿ ಶಾಣ್ಯಾಕಿ ಇದ್ದಾಳ ನೋಡು' ಅಂದ್ಳು.

ನಾ ಕೇಳೋದು ಯಾಕಂದ್ರ, ನಮ್ಮಣ್ಣನ ಮಗಳು ಈ ವರ್ಷ ಹತ್ತನೇತ್ತೆ ಇದ್ದಾಳ. ದಿನಾ ಚಿತ್ರ ತೆಗೀತಾಳ, ನೋಟ್‌ಬುಕ್ಕಿನ ಹಿಂದಿನ ಹಾಳಿ ಎಲ್ಲಾ ತುಂಬಿಸ್ಯಾಳ, ಖರೇನೇ ಛಂದ ತೆಗೀತಾಳ. ಆಕಿಗಿ ಈ ಪಿಕ್ಚರ್ ತೋರಿಸ್ಬೇಕು ಅಂತ ನನಗ ಭಾಳ ಅದ, ನಮ್ಮ ವೈನಿ ಪರೀಕ್ಷಾ ಆಗೋತನಕ ಬ್ಯಾಡ ಅಂತಾರ. ನೋಡಿದವ್ರು ಹೇಳ್ರಿ, ಆ ಅಪ್ಪ ಮಾಡಿದ್ದು ಬರೋಬ್ಬರಿ ಅದನಾ, ಮತ್ತ ಇದನ್ನ ಈಗ ತೋರಿಸ್ಲೋ ಬ್ಯಾಡೋ?

ಕಿಲ್ಲಾ ಮಣ್ಣು, ಬೀದರ

ಅಕ್ಕಾರ, ಈ ಪಿಕ್ಚರ್ ಹೆಸರು ಇಲ್ಲಿ ನೋಡಿ ಭಾಳ ಖುಷಿ ಆಯ್ತು, ನಮ್ಮ ಹಾಸ್ಟೆಲ್ ರೂಮಿನ್ಯಾಗ ಗೆಳೆಯರೆಲ್ಲಾ ಒಂದು ಲ್ಯಾಪ್‌ಟಾಪ್ ಸುತ್ತ ಕೂತು ನೋಡಿದ್ದು. ಶಿಜುಕು ಬಗ್ಗೆ ಎಲ್ಲಾರೂ ಮಾತಾಡ್ತಾರ, ನಾ ಸೇಜಿ ಬಗ್ಗೆ ಹೇಳ್ತೀನಿ, ಯಾಕಂದ್ರ ನಿಮ್ಮ ಪ್ರಶ್ನಾಕ ಉತ್ತರ ಅವನ ಕಡೆಯಿಂದ ಸಿಗ್ತದ ಅಂತ ನನಗ ಅನಸ್ತದ.

ಇದು ಮೊದಲು ಆಓಯಿ ಹೀರಾಗಿ ಅವ್ರ ಮಂಗಾ, ಅಂದ್ರ ಜಪಾನಿ ಚಿತ್ರಕಥಿ ಪುಸ್ತಕ, ಅದರಾಗ ಸೇಜಿಗಿ ಪೇಂಟರ್ ಆಗೋ ಆಸೆ ಇರ್ತದ. ಪಿಕ್ಚರ್ ಮಾಡುವಾಗ ವಯೊಲಿನ್ ಕೆಲಸ ಅಂತ ಬದಲಿ ಮಾಡ್ಯಾರ. ಈ ಬದಲಾವಣಿ ನನಗ ಭಾಳ ಮುಖ್ಯ. ವಯೊಲಿನ್ ಅಂದ್ರ ಕೈಕೆಲಸ, ಗುರುವಿನ ಹತ್ರ ಕೂತು ಕಲೀಬೇಕು, ಮಾಡಿದ್ದು ಛಂದ ಆಗ್ಯದೋ ಇಲ್ಲೋ ನುಡಿಸಿದ ಕೂಡ್ಲೇ ಗೊತ್ತಾಗ್ತದ, ನೆವ ಹೇಳ್ಲಾಕ ಜಾಗಾ ಇಲ್ಲ. ನಮ್ಮ ಮಾಮಾ ಬಿದ್ರಿ ಕೆಲಸ ಮಾಡ್ತಾರ, ನಾ ಸಣ್ಣಾವ ಇದ್ದಾಗಿಂದ ಅವ್ರ ಹತ್ರ ಕೂತು ನೋಡೀನಿ. ಜಸ್ತ ಹದಿನಾರು ಪಾಲು ತಾಮ್ರ ಒಂದು ಪಾಲು ಕೂಡ್ಸಿ ಎರಕ ಹೊಯ್ತಾರ, ಉಜ್ಜಿ ನುಣ್ಣಗ ಮಾಡ್ತಾರ, ಆಮ್ಯಾಲ ಮೈಲುತುತ್ತದ ನೀರು ಹಚ್ತಾರ, ಸಾಮಾನು ಕಪ್ಪಾಗ್ತದ, ಆ ಕಪ್ಪಿನ ಮ್ಯಾಲ ಡಿಸೈನ್ ಗೆರಿ ಎಳ್ದು ಉಳಿಲೆ ಕೊರ್ದು ಬೆಳ್ಳಿ ತಂತಿ ಕೂಡ್ಸಿ ಬಡೀತಾರ. ಮತ್ತ ಉಜ್ಜಿದ್ರ ಆ ಮೊದಲಿನ ಕಪ್ಪು ಪೂರಾ ಹೋಗ್ತದ, ಸಾಮಾನು ಬೆಳ್ಳಗ ಆಗಿ ಬೆಳ್ಳಿ ಎಲ್ಲದ ಅಂತ ಸುದ್ದ ಕಾಣಂಗಿಲ್ಲ, ಹೊಸಬರು ನೋಡಿದ್ರ ಕೆಲಸ ಕೆಟ್ಟೋಯ್ತು ಅಂತಾರ. ಕಡೀಕ ನಮ್ಮ ಬೀದರ ಕಿಲ್ಲಾದ ಮಣ್ಣು ನವಸಾಗರ ಕೂಡ್ಸಿ ಅದರಾಗ ಹಾಕಿ ತೆಗೆದ್ರ ಖರೇ ಕಪ್ಪು ಬರ್ತದ, ಬೆಳ್ಳಿ ಎದ್ದು ಕಾಣ್ತದ. ಶಿಜುಕು ಬರೆದ ಮೊದಲ ಕಥಿ ಆ ನಡುವಿನ ಹಂತದಾಗ ಅದ.

ಅಂಗಡಿ ಮುದುಕ ನಿಶಿ ಅಜ್ಜ, ಸೇಜಿ ಅಜ್ಜ ಅವ, ಶಿಜುಕುಗೆ ಒಂದು ಕಲ್ಲು ತೋರಿಸ್ತಾನಲ್ರಿ, ಹೊರಗ ಒರಟು ಕಲ್ಲು, ಒಳಗ ನೋಡಿದ್ರ ಹಸರು ಹರಳು. ಕಥಿ ಓದಿ ಆದ ಮ್ಯಾಲ ಅವ ಸುಳ್ಳು ಹೊಗಳಂಗಿಲ್ಲ, ಇನ್ನಾ ಒರಟದ, ಪೂರಾ ಆಗಿಲ್ಲ, ಸೇಜಿ ಮಾಡಿದ ವಯೊಲಿನ್ ಹಂಗೇ ಅಂತ ಹೇಳ್ತಾನ. ಆಕಿ ಹೊರಗ ಕೂತು ಅಳ್ತಾಳ, ಅವ ಒಳಗ ಕರ್ದು ಬಿಸಿ ಬಿಸಿ ಉಡೊನ್, ಅಂದ್ರ ಜಪಾನಿ ದಪ್ಪ ಶಾವಿಗಿ, ತಿನಿಸ್ತಾನ. ನಾ ಎಷ್ಟು ಸಲ ನೋಡಿದ್ರೂ ಇಲ್ಲಿ ತಡ್ಕೊಳ್ಳಾಕ ಆಗಂಗಿಲ್ಲ ನೋಡ್ರಿ. ನಿಮ್ಮಣ್ಣನ ಮಗಳಿಗಿ ಈಗೇ ತೋರಿಸ್ರಿ, ಆಕಿ ಚಿತ್ರಕ್ಕ ಬರೀ ವಾಹ್ ವಾಹ್ ಅನ್ನೋರು ಸಿಕ್ಕಿರ್ತಾರ, ಬರೀ ಬೈಯೋರು ಸಿಕ್ಕಿರ್ತಾರ, ನಿಶಿ ಅಜ್ಜನಂಗ ಖರೇ ಹೇಳೋರು ಹ್ಯಾಂಗಿರ್ತಾರ ಅಂತ ಆಕಿ ನೋಡ್ಬೇಕು.

ಒಂದು ಮಾತ್ರ ನನಗ ಸೇರಂಗಿಲ್ಲ, ಕಡೀಕ ಗುಡ್ಡದ ಮ್ಯಾಲ ಸೂರ್ಯ ಹುಟ್ಟುವಾಗ ಸೇಜಿ ಮದುವಿ ಆಗ್ತೀ ಏನು ಅಂತ ಕೇಳೋದು. ಅಷ್ಟು ಸಣ್ಣ ಹುಡುಗ್ರು, ಅದು ಬ್ಯಾಡಿತ್ತು.

ಭೀಮಾ ದಂಡಿ, ಯಾದಗಿರಿ

ನಾ ಹೈಸ್ಕೂಲ್ ಮಾಸ್ತರ ಇದ್ದೀನ್ರಿ, ಪಿಕ್ಚರ್ ನೋಡೀನಿ, ಛಂದ ಅದ. ಆದ್ರ ತಂಗಿ, ನಿಮ್ಮ ಬ್ಯಾಂಕಿನ ಗೆಳತಿ ಮಾತು ಅಷ್ಟು ಸುಲಭಕ್ಕ ತಳ್ಳಿ ಹಾಕಬ್ಯಾಡ್ರಿ.

ಶಿಜುಕು ಮನಿ ನೋಡ್ರಿ. ಅಪ್ಪ ಲೈಬ್ರರಿಯಾಗ, ಅವ್ವ ಯೂನಿವರ್ಸಿಟಿಯಾಗ, ಗ್ವಾಡಿ ತುಂಬ ಪುಸ್ತಕ, ಆ ಹುಡುಗಿ ಒಂದು ಪರೀಕ್ಷಾದಾಗ ನೂರು ರ‍್ಯಾಂಕ್ ಕೆಳಗ ಬಿದ್ರೂ ಆ ಮನಿ ಆಕಿನ್ನ ಕೈ ಬಿಡಂಗಿಲ್ಲ, ಮತ್ತ ಹಿಡಿದು ಎಬ್ಬಿಸ್ತದ. ನನ್ನ ಕ್ಲಾಸಿನ್ಯಾಗ ಕೂಡೋ ಹೆಣ್ಣುಮಕ್ಕಳ ಕಥಿ ಬ್ಯಾರೆ ಅದ. ಮನ್ಯಾಗ ಹತ್ತನೇತ್ತೆ ದಾಟಿದವ್ರು ಯಾರೂ ಇರಂಗಿಲ್ಲ, ಅಪ್ಪ ಅವ್ವ ಪುಣೆ ಮುಂಬಯಿ ಕಡೆ ದುಡೀಲಾಕ ಹೋಗಿರ್ತಾರ, ಅಜ್ಜಿ ಹತ್ರ ಇರ್ತಾವ. ಒಂದು ವಿಷಯದಾಗ ಫೇಲ್ ಆಯ್ತು ಅಂದ್ರ ಅವತ್ತೇ ಸಂಜೀಕ ಮದುವಿ ಮಾತು ಸುರು ಆಗ್ತಾವ. ಸಂವಿಧಾನದ 371 ಜೆ ಕಲಂ ಬಂದ ಮ್ಯಾಲ ನಮ್ಮ ಭಾಗದ ಮಕ್ಕಳಿಗಿ ಸೀಟು ನೌಕರಿ ಎಲ್ಲಾ ಸಿಗ್ಲಾಕತ್ತಾವ ಖರೇ, ಅದಕ್ಕೂ ಮೊದಲು ಪಾಸ್ ಆಗ್ಬೇಕಲ್ರಿ, ಮಾರ್ಕ್ಸ್ ಬೇಕಲ್ರಿ. 'ಏನಾದ್ರೂ ಯಾರ ಮ್ಯಾಲೂ ಹಾಕ್ಲಾಕ ಬರಂಗಿಲ್ಲ' ಅನ್ನೋ ಮಾತು ಆ ಮನ್ಯಾಗ ಸರಿ, ನನ್ನ ಮಕ್ಕಳಿಗಿ ಆ ಮಾತು ಹೇಳ್ಲಾಕ ನನಗ ಬಾಯಿ ಬರಂಗಿಲ್ಲ, ಯಾಕಂದ್ರ ಅವ್ರ ಮ್ಯಾಲ ಬೀಳೋ ಭಾರ ಅವ್ರು ಮಾಡಿಕೊಂಡದ್ದಲ್ಲ.

ಈಗ ಪರೀಕ್ಷಾಕ ಒಂದಕ್ಕಿಂತ ಹೆಚ್ಚು ಅವಕಾಶ ಕೊಟ್ಟಾರ 2023-24ರಿಂದ, ಅದು ಭಾಳ ಛಲೋ ಆಗ್ಯದ, ಮಕ್ಕಳ ಅಂಜಿಕಿ ಜರಾ ಕಡಿಮಿ ಆಗ್ಯದ. ಅಷ್ಟಾದ್ರೂ ನಾ ಹೇಳೋದು, ಈ ಪಿಕ್ಚರ್ ಏಪ್ರಿಲ್ ಆದ ಮ್ಯಾಲ ತೋರಿಸ್ರಿ. ನಮ್ಮ ಸಾಲ್ಯಾಗ ಒಬ್ಬ ಹುಡುಗ ಭಾಳ ಛಂದ ತತ್ವಪದ ಹಾಡ್ತಾನ, ಸಂಜಿ ಕ್ಲಾಸ್ ಮುಗಿದ ಮ್ಯಾಲ ಅವನಿಗಿ ಹಾರ್ಮೋನಿಯಂ ಕೊಟ್ಟು ಕೂಡಿಸ್ತೀನಿ, ಗಣಿತ ಮುಗಿಸಿ ಬಾ ಅಂತ ಹೇಳಿನೇ ಕೂಡಿಸ್ತೀನಿ. ಎರಡೂ ಇರ್ಬೇಕು ಅಂತ ನನ್ನ ಹಟ.

ಅಪ್ಪನ ಕೆರಿ, ಕಲಬುರಗಿ

ಮಾಸ್ತರ್ರಿ, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮ ಕೂತೆ. ನಿಮ್ಮ ಮಕ್ಕಳ ಮಾತು ನೂರಕ್ಕ ನೂರು ಖರೇ ಅದ. ಆದ್ರ ಪಿಕ್ಚರ್‌ನಾಗ ಅಪ್ಪ ಏನ್ ಮಾಡಿದ ಅನ್ನೋದು ಪೂರಾ ನೋಡ್ರಿ, ಅವ ಸುಮ್ಮ ಬಿಟ್ಟುಬಿಟ್ಟ ಅಂತ ಎಲ್ಲಾರೂ ತಿಳ್ಕೊಂಡಂಗ ಕಾಣ್ತದ.

ಅವ ಮೊದಲು ಅಕ್ಕನ ಕಡೆಯಿಂದ ಪೂರಾ ಕೇಳ್ತಾನ, ಆಮ್ಯಾಲ ಶಿಜುಕುನ್ನ ಕರ್ದು ಅವ್ವನ ಎದುರಿಗೇ ಕೂಡಿಸಿ ಕೇಳ್ತಾನ, ಆಕಿ ಲೈಬ್ರರಿಯಾಗ ಕೂತು ಏನೋ ಜೀವ ಕೊಟ್ಟು ಮಾಡ್ಲಾಕತ್ತಾಳ ಅಂತ ತಾನೇ ಕಣ್ಣಿಲೆ ನೋಡಿರ್ತಾನ, ಅದನ್ನೂ ಹೇಳ್ತಾನ. ಮೂರು ವಾರ ಅನ್ನೋ ಲೆಕ್ಕ ಅದ. ಅವ್ವ ನನಗೂ ಇಂಥದ್ದು ಒಂದೆರಡು ಆಗ್ಯಾವ ಅಂತಾಳ. ಮತ್ತ ಎಲ್ಲಾಕಿಂತ ದೊಡ್ಡದು, ಕಥಿ ಬರ್ದು ಮುಗಿಸಿ ನಿಶಿ ಅಜ್ಜನ ಮನ್ಯಾಗ ಅತ್ತು ತಿಂದು ಬಂದ ರಾತ್ರಿ ಆಕಿ ತಾನೇ ಅವ್ವನಿಗಿ ಹೇಳ್ತಾಳ, ಸದ್ಯಕ್ಕ ಪರೀಕ್ಷಾ ಬರಿಯೋ ಹುಡುಗಿ ಆಗ್ತೀನಿ, ಫಿಕರ್ ಮಾಡಬ್ಯಾಡ ಅಂತ. ಯಾರೂ ಕೋಲು ಹಿಡೀಲಿಲ್ಲ. ಬರೀಬೇಕಂದ್ರ ಬರೀ ಆಸೆ ಇದ್ರ ಸಾಲಂಗಿಲ್ಲ, ಇನ್ನಾ ಭಾಳ ಓದ್ಬೇಕು ಅಂತ ಆಕಿಗಿ ಬರೆದ ಮ್ಯಾಲೇ ಗೊತ್ತಾಯ್ತು, ಅದಕ್ಕೇ ಹೈಸ್ಕೂಲಿಗಿ ಹೋಗ್ತೀನಿ ಅಂತ ಸೇಜಿಗೂ ಹೇಳ್ತಾಳ. ಓದು ಬಿಡು ಅಂತ ಈ ಪಿಕ್ಚರ್ ಎಲ್ಲೂ ಹೇಳಂಗಿಲ್ಲ. ಮಾಸ್ತರ, ನೀವು ಆ ಹುಡುಗನಿಗಿ ಹಾರ್ಮೋನಿಯಂ ಕೊಟ್ಟು ಕೂಡಿಸ್ತೀರಲ್ಲ, ನೀವೂ ಆ ಅಪ್ಪನ ಕೆಲಸಾನೇ ಮಾಡ್ಲಾಕತ್ತೀರಿ ಅಂತ ನನಗ ಅನಸ್ತದ.

ಇನ್ನೊಂದು, ಜಪಾನಿ ಆಡಿಯೋ ಇಟ್ಟೇ ನೋಡ್ರಿ. ಅಪ್ಪನ ಧ್ವನಿ ಕೊಟ್ಟವ್ರು ತಕಾಶಿ ತಾಚಿಬಾನಾ, ನಟ ಅಲ್ಲ, ಜಪಾನಿನ ದೊಡ್ಡ ಪತ್ರಕರ್ತ. ಅದಕ್ಕೇ ಆ ಮಾತಿನ್ಯಾಗ ಒಂದು ಚೂರೂ ನಾಟಕ ಇಲ್ಲ, ಆಫೀಸಿನಿಂದ ಬಂದು ಸುಸ್ತಾದ ಮನುಷ್ಯಾ ಮನ್ಯಾಗ ಮಾತಾಡಿದಂಗೇ ಅದ. ಶಿಜುಕು ಪುಸ್ತಕದಾಗ ಜೈಲಿನ್ಯಾಗ ಕೂತು ವಯೊಲಿನ್ ಮಾಡೋನ ಒಂದು ಚಿತ್ರ ನೋಡ್ತಾಳ, ಆ ಮರದ ಅಚ್ಚಿನ ಚಿತ್ರ ಮಿಯಾಝಾಕಿ ಅವ್ರ ಸಣ್ಣ ಮಗ ಕೇಸುಕೆ ಮಾಡಿದ್ದು. ಬ್ಯಾರನ್ ಕೂಡ ಹಾರೋ ಕನಸಿನ ಸೀನಿನ ಹಿಂದಿನ ಲೋಕ ಎಲ್ಲಾ ನಾವೋಹಿಸಾ ಇನೋಉಎ ಅನ್ನೋ ಪೇಂಟರ್ ಅವ್ರದ್ದು. ನಿಮ್ಮಣ್ಣನ ಮಗಳು ಚಿತ್ರ ತೆಗೆಯೋಳು ಅಲ್ಲಾ, ಆಕಿಗಿ ಇವೆಲ್ಲಾ ನಿಲ್ಲಿಸಿ ನಿಲ್ಲಿಸಿ ತೋರಿಸ್ರಿ.

ಕೊಂಡೊ ಅವ್ರು ಡೈರೆಕ್ಟ್ ಮಾಡಿದ ದೊಡ್ಡ ಪಿಕ್ಚರ್ ಇದೊಂದೇ. 1998ರ ಜನವರಿಯಾಗ ತೀರಿಹೋದ್ರು, ವಯಸ್ಸು 47. ಘಿಬ್ಲಿಯಾಗ ಮಿಯಾಝಾಕಿ ಆದ ಮ್ಯಾಲ ಇವ್ರೇ ಅಂತ ಎಲ್ಲಾರೂ ಅನ್ಕೊಂಡಿದ್ರು. ಶಿಜುಕು ಬರೀಲಾಕ ಕೂತಾಗ ಆಕಿ ಬೆನ್ನು ಬಾಗಿರೋದು, ಮೆಟ್ಟಲ ಮ್ಯಾಲ ಓಡುವಾಗ ಉಸಿರು ಬಿಡೋದು, ಇದನ್ನೆಲ್ಲಾ ಇಷ್ಟು ಪ್ರೀತಿಲೆ ನೋಡಿದ ಮನುಷ್ಯಾ ಇನ್ನೊಂದೆರಡು ಮಾಡ್ಬೇಕಿತ್ತು ಅಂತ ನನಗ ಪ್ರತಿ ಸಲ ಸಂಕಟ ಆಗ್ತದ.

ತೊಗರಿ ಕಣಜ, ಕಲಬುರಗಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ಮಾಸ್ತರ ಮಾತು, ಕೆರಿ ಅಕ್ಕನ ಮಾತು ಎರಡೂ ವೈನಿಗಿ ಓದಿ ಹೇಳ್ದೆ. ಅವ್ರಿಗಿ ಮಾಸ್ತರ ಮಾತು ಪಸಂದ ಬಂತು, ಗಣಿತ ಮುಗಿಸಿ ಬಾ ಅನ್ನೋದು. ಕಡೀಕ ಹಿಂಗ ಠರಾವು ಆಗ್ಯದ, ದಸರಾ ಸೂಟ್ಯಾಗ ತೋರಿಸೋದು, ನಮ್ಮಣ್ಣ ವೈನಿ ಇಬ್ಬರೂ ಜೊತಿಗೇ ಕೂತು ನೋಡ್ಬೇಕು, ಹುಡುಗಿ ಒಬ್ಬಾಕಿಗೇ ತೋರಿಸೋದಿಲ್ಲ. ಇದು ನನಗ ಹೊಳೆದಿದ್ದು ಕೆರಿ ಅಕ್ಕ ಬರೆದಿದ್ದು ಓದಿದ ಮ್ಯಾಲ, ಆ ಮಾತು ಆಡುವಾಗ ಅಪ್ಪ ಅವ್ವ ಇಬ್ಬರೂ ಒಂದೇ ಟೇಬಲ್ಲಿಗಿ ಕೂತಿರ್ತಾರ. ನಮ್ಮಣ್ಣ ಅದನ್ನ ನೋಡ್ಲಿ ಅಂತ ನನಗ ಆಸೆ.

ಬೀದರ ತಮ್ಮಾ, ಮದುವಿ ಮಾತಿಗಿ ನಾ ಒಪ್ಪಂಗಿಲ್ಲ ನೋಡು. ಸೇಜಿ ತನ್ನ ಕೈಯಾಗ ಇನ್ನಾ ಏನೂ ಇಲ್ಲ ಅಂತ ಗೊತ್ತಿದ್ದೇ ಕೇಳ್ತಾನ, ಶಿಜುಕುನೂ ಆಗ್ಲಿ ಅಂತಾಳ, ಆ ವಯಸ್ಸಿನಾಗ ಮಾತು ಕೊಡೋದು ಹಂಗೇ ಇರ್ತದ, ಪೂರಾ ಜೀವ ಇಟ್ಟೇ ಕೊಡ್ತಾರ. ಅದನ್ನ ತೆಗೆದ್ರ ಪಿಕ್ಚರ್ ಶಾಣ್ಯಾ ಆಗ್ತದ, ಆದ್ರ ಹದಿನಾಲ್ಕರ ವಯಸ್ಸು ಅದರಾಗ ಇರಂಗಿಲ್ಲ. ಮತ್ತ ಶಿಜುಕು ಗೆಳತಿ ಯುಕೊ, ಅವ್ರ ಕ್ಲಾಸಿನ ಹುಡುಗ ಸುಗಿಮುರಾ ಬಗ್ಗೆ ಯಾರೂ ಬರೀಲಿಲ್ಲ! ಕಡೀಕ ಹೆಸರು ಬರುವಾಗ ಆಫ್ ಮಾಡಬ್ಯಾಡ್ರಿ, ಕೆಳಗ ರಸ್ತಾದ ಮ್ಯಾಲ ಜನ ಹೊಂಟಿರ್ತಾರ, ಅದರಾಗ ಇಬ್ಬರನ್ನ ಹುಡುಕ್ರಿ. ಮುಂದಿನ ಸಲ ನಮ್ಮ ಗುಂಪಿನ್ಯಾಗ 'ಕಿಕೀಸ್ ಡೆಲಿವರಿ ಸರ್ವಿಸ್' ನೋಡ್ಬೇಕಂತ ಅದ, ಅದನ್ನ ನೋಡಿದವ್ರಿದ್ರ ಬರೀರಿ.